ಎಲ್ಲ ಹೊಳೆಗಳೂ ಒಂದೇ ಕಡಲಿಗೆ?

ಮೈಸೂರಿನಿಂದ ಬೆಂಗಳೂರಿಗೆ ಹೊರಟ ರೈಲು ಮಂಡ್ಯವನ್ನು ದಾಟಿ ಕಬ್ಬಿನ ಗದ್ದೆಗಳ ನಡುವೆ ಓಡತೊಡಗುವ ವೇಳೆಗೆ ಪ್ರಯಾಣಿಕರ ಮಾತಿಗೆ ಒಂದು ಹದ ಬಂದಿರುತ್ತದೆ. ಮೊದಲು ಊರು, ಉದ್ಯೋಗ, ಮಕ್ಕಳ ಓದು. ಆಮೇಲೆ ಮಳೆ, ನಾಲೆಯ ನೀರು, ಬೆಲ್ಲದ ಬೆಲೆ. ಕೊನೆಗೆ, ಮದ್ದೂರು ಸಮೀಪಿಸಿ ವಡೆಯ ಪೊಟ್ಟಣ ಕೈಯಿಂದ ಕೈಗೆ ಸಾಗುವಾಗ, ದೇವರ ವಿಚಾರ. ಎದುರು ಕುಳಿತವರ ಕೊರಳಿನಲ್ಲಿ ಶಿಲುಬೆಯ ಪದಕ ಕಂಡಿತೆಂದರೆ ಪಕ್ಕದವರು ಸೌಜನ್ಯದಿಂದ ಒಂದು ಮಾತು ಹೇಳಿಯೇ ಹೇಳುತ್ತಾರೆ: “ಯಾವ ಧರ್ಮವಾದರೇನು ಸ್ವಾಮಿ, ಎಲ್ಲವೂ ಹೇಳುವುದು ಒಂದನ್ನೇ ತಾನೆ?” ಕೇಳಿದವರು ನಕ್ಕು ತಲೆಯಾಡಿಸುತ್ತಾರೆ. ಸಂಭಾಷಣೆ ಅಲ್ಲಿಗೆ ಮುಗಿಯುತ್ತದೆ. ಇಬ್ಬರೂ ಸಂತೋಷದಿಂದಲೇ ಬೀಳ್ಕೊಳ್ಳುತ್ತಾರೆ; ಆದರೆ ಒಬ್ಬರ ಮನಸ್ಸಿನಲ್ಲಿರುವುದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ.

ಈ ಮಾತಿನ ಹಿಂದಿರುವ ಸದ್ಭಾವವನ್ನು ಶಂಕಿಸಬೇಕಾಗಿಲ್ಲ. ಆಕಾಶದಿಂದ ಬಿದ್ದ ನೀರೆಲ್ಲ ಕಡಲನ್ನು ಸೇರುವಂತೆ ಎಲ್ಲ ದೇವರಿಗೆ ಮಾಡಿದ ನಮಸ್ಕಾರವೂ ಒಬ್ಬನನ್ನೇ ಮುಟ್ಟುವುದೆಂಬ ಭಾವ ಈ ದೇಶದಲ್ಲಿ ಬಹು ಹಳೆಯದು. ಮೈಸೂರು ಅರಸರ ಆತಿಥ್ಯವನ್ನು 1892ರಲ್ಲಿ ಸ್ವೀಕರಿಸಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಚಿಕಾಗೋ ನಗರದ ಸರ್ವಧರ್ಮ ಸಮ್ಮೇಳನದಲ್ಲಿ ಹೊಳೆಗಳ ಇದೇ ಉಪಮೆಯನ್ನು ಜಗತ್ತಿನ ಮುಂದಿಟ್ಟರು. ಅಂದಿನಿಂದ ಅದು ಶಾಲೆಯ ಪಾಠದಲ್ಲಿಯೂ ಸಭೆಯ ಭಾಷಣದಲ್ಲಿಯೂ ಸೇರಿಕೊಂಡು ಪ್ರತಿಯೊಂದು ಮನೆಯ ಮಾತಾಗಿದೆ.

ಆದರೆ ಮನೆಮಾತಾದದ್ದು ಮನಸ್ಸಿಗೆ ಇಳಿದಿದೆಯೇ ಎಂಬುದು ಬೇರೆ ಪ್ರಶ್ನೆ. 2021ರ ಡಿಸೆಂಬರಿನಲ್ಲಿ ಪಾಂಡವಪುರದ ಶಾಲೆಯೊಂದರ ಕ್ರಿಸ್ಮಸ್ ಆಚರಣೆಗೆ ಆಕ್ಷೇಪ ಬಂದು ಗದ್ದಲವಾಯಿತು. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿಯೂ, 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿಯೂ ಗಣೇಶ ವಿಸರ್ಜನೆಯ ಮೆರವಣಿಗೆಯ ಸಮಯದಲ್ಲಿ ಕಲ್ಲು ತೂರಾಟವಾಗಿ, ತಲೆಮಾರುಗಳಿಂದ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿದವರು ಒಬ್ಬರನ್ನೊಬ್ಬರು ಅಂಜಿಕೆಯಿಂದ ನೋಡುವಂತಾಯಿತು. ಈ ಮೂರು ಊರುಗಳಲ್ಲಿಯೂ ‘ಎಲ್ಲ ಧರ್ಮಗಳೂ ಒಂದೇ’ ಎಂಬ ಮಾತು ಗೊತ್ತಿಲ್ಲದವರು ಇದ್ದಿರಲಾರರು. ಹಾಗಿದ್ದೂ ಆ ಮಾತು ಕಲ್ಲನ್ನು ತಡೆಯಲಿಲ್ಲ. ಆದುದರಿಂದ ಅದು ಎಷ್ಟು ಮಟ್ಟಿಗೆ ನಿಜ, ಎಲ್ಲಿಂದ ಮುಂದೆ ನಿಜವಲ್ಲ ಎಂಬುದನ್ನು ವಿಚಾರಿಸುವುದು ಬರಿಯ ಪಂಡಿತರ ಕಾಲಕ್ಷೇಪವಲ್ಲ. ಈ ಸೀಮೆಯಲ್ಲಿ ಅಲ್ಪಸಂಖ್ಯಾತರಾಗಿ ಬಾಳುತ್ತಿರುವ ಕ್ರೈಸ್ತರ ದೃಷ್ಟಿಯಿಂದ ಇದನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ.

ಒಂದೇ ಆಗಿರುವ ಭಾಗ

ಮೊದಲು ಸಾಮ್ಯವನ್ನು ಧಾರಾಳವಾಗಿ ಒಪ್ಪಿಕೊಳ್ಳಬೇಕು. ತನಗೆ ಅಪ್ರಿಯವಾದುದನ್ನು ಪರರಿಗೆ ಮಾಡಬಾರದೆಂದು ಮಹಾಭಾರತ ಹೇಳುತ್ತದೆ. ಚೀನದ ಕನ್‌ಫ್ಯೂಷಿಯಸ್ ಹೇಳಿದನು. ಯೆಹೂದ್ಯರ ಗುರು ಹಿಲ್ಲೆಲ್ ಹೇಳಿದನು. ಇತರರು ತನಗೆ ಏನು ಮಾಡಬೇಕೆಂದು ಬಯಸುವನೋ ಅದನ್ನೇ ಇತರರಿಗೆ ಮಾಡಬೇಕೆಂದು ಯೇಸು ಬೆಟ್ಟದ ಮೇಲಿನ ಬೋಧನೆಯಲ್ಲಿ ಹೇಳಿದನು. ಸುಳ್ಳಾಡಬೇಡ, ಕದಿಯಬೇಡ, ಹಸಿದವನಿಗೆ ಅನ್ನವಿಡು—ಇವುಗಳಿಗೆ ವಿರುದ್ಧವಾಗಿ ಬೋಧಿಸಿ ಬಹುಕಾಲ ಬಾಳಿದ ಧರ್ಮ ಯಾವುದೂ ಇಲ್ಲ.

ಇದಕ್ಕಿಂತ ಆಳವಾದ ಸಾಮ್ಯಕ್ಕೆ ಮಳವಳ್ಳಿ ತಾಲ್ಲೂಕಿನಲ್ಲಿಯೇ ಉದಾಹರಣೆ ಇದೆ. ಅಲ್ಲಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ಮುಖ್ಯ ಕ್ಷೇತ್ರ. ನೀಲಗಾರರು ತಂಬೂರಿ ಹಿಡಿದು ರಾತ್ರಿಯುದ್ದಕ್ಕೂ ಹಾಡುವ ಕಥೆಯಲ್ಲಿ ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬರುವುದು ರತ್ನಕಿರೀಟ ಧರಿಸಿ ಅಲ್ಲ. ಮೈತುಂಬ ಹೊಲಸು ಮೆತ್ತಿದ, ನೋಡಿದವರು ಹೇಸುವಂಥ ಭಿಕ್ಷುಕನ ರೂಪದಲ್ಲಿ. ಬಾಗಿಲಲ್ಲಿ ತಡೆ, ಒಳಗೆ ಪಂಕ್ತಿಯಲ್ಲಿ ಕುಳಿತ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಅಸಹ್ಯ. ಮಡಿಯ ಹೆಸರಿನಲ್ಲಿ ಮನುಷ್ಯನನ್ನು ದೂರವಿಟ್ಟ ಭಕ್ತಿಯನ್ನು ಕಥೆ ಒಂದೇ ಏಟಿಗೆ ಬಯಲಿಗೆಳೆಯುತ್ತದೆ. ಈಗ ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯವನ್ನು ತೆರೆದರೆ ಅಲ್ಲಿ ನ್ಯಾಯತೀರ್ಪಿನ ದಿನದ ಚಿತ್ರವಿದೆ. ಹಸಿದವನಾಗಿ, ಬಾಯಾರಿದವನಾಗಿ, ಬಟ್ಟೆಯಿಲ್ಲದವನಾಗಿ, ಸೆರೆಯಲ್ಲಿದ್ದವನಾಗಿ ಬಾಗಿಲಿಗೆ ಬಂದದ್ದು ತಾನೇ ಎಂದು ಅರಸನು ಹೇಳುತ್ತಾನೆ. ಅತ್ಯಲ್ಪನಾದ ಒಬ್ಬನನ್ನು ಉಪಚರಿಸಿದವರು ಆತನನ್ನೇ ಉಪಚರಿಸಿದಂತೆ. ಮಳವಳ್ಳಿಯ ನೀಲಗಾರನೂ ಗಲಿಲಾಯದ ಬೆಸ್ತರ ಗುರುವೂ ಇಲ್ಲಿ ಒಂದೇ ಜಗುಲಿಯಲ್ಲಿ ಕುಳಿತಂತೆ ತೋರುವುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ರೈಲಿನ ಸಹಪ್ರಯಾಣಿಕರ ಮಾತೇ ಗೆದ್ದಿತು. ಆದರೆ ಕಥೆಯ ಮುಂದಿನ ಭಾಗವನ್ನೂ ಓದಬೇಕು. ಮಂಟೇಸ್ವಾಮಿ ಬಂದದ್ದು ಪರೀಕ್ಷೆಗೆ. ಹೊಲಸು ಆತನು ತೊಟ್ಟ ವೇಷ. ಪರೀಕ್ಷೆ ಮುಗಿದ ಮೇಲೆ ಜ್ಯೋತಿರ್ಮಯನಾದ ಸ್ವಾಮಿಯ ನಿಜರೂಪ ಭಕ್ತನಿಗೆ ಗೋಚರಿಸುತ್ತದೆ. ಸುವಾರ್ತೆಯ ಕಥೆಯಾದರೋ ಶಿಲುಬೆಯ ಕಡೆಗೆ ಸಾಗುತ್ತದೆ. ಅಲ್ಲಿನ ಗಾಯ ವೇಷವಲ್ಲ, ನೋವು ಲೀಲೆಯಲ್ಲ. ಪೊಂತ್ಯ ಪಿಲಾತನೆಂಬ ರೋಮನ್ ಅಧಿಕಾರಿಯ ಆಜ್ಞೆಯಿಂದ ಒಬ್ಬನು ನಿಜವಾಗಿ ಸತ್ತನೆಂಬುದೇ ಕ್ರೈಸ್ತಧರ್ಮದ ಕೇಂದ್ರ. ಎರಡು ಕಥೆಗಳೂ ಶ್ರೇಷ್ಠ. ಎರಡೂ ಒಂದನ್ನೇ ಹೇಳುತ್ತವೆ ಎಂದರೆ ಎರಡಕ್ಕೂ ಅನ್ಯಾಯ.

ಮಾತು ಒಂದು, ಅರ್ಥ ಬೇರೆ

ಸಾಮ್ಯದ ಭ್ರಮೆಗೆ ಒಂದು ಮುಖ್ಯ ಕಾರಣ ಭಾಷೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ ಇಡೀ ಬೈಬಲ್ಲು 1831ರ ವೇಳೆಗೆ ಕನ್ನಡದಲ್ಲಿ ಅಚ್ಚಾಯಿತು. ಪರದೇಶದ ಧರ್ಮವನ್ನು ಹೇಳಲು ಅವರಿಗೆ ಹೊಸ ಭಾಷೆಯೇನೂ ಇರಲಿಲ್ಲ. ಶೈವರೂ ವೈಷ್ಣವರೂ ಜೈನರೂ ಶತಮಾನಗಳಿಂದ ಬಳಸಿ ಬೆಳಸಿದ್ದ ಪದಗಳನ್ನೇ ಎರವಲು ಪಡೆಯಬೇಕಾಯಿತು: ದೇವರು, ಪಾಪ, ಕೃಪೆ, ರಕ್ಷಣೆ, ಆತ್ಮ, ಪರಲೋಕ. ಪದಗಳು ಮನೆಗೆ ಬಂದವು. ಆದರೆ ಹೊಸ ಮನೆಯಲ್ಲಿ ಅವುಗಳ ಕೆಲಸ ಬೇರೆಯಾಯಿತು.

‘ಪಾಪ’ವನ್ನೇ ನೋಡಬಹುದು. ಕರ್ಮಸಿದ್ಧಾಂತವನ್ನು ನಂಬಿದವನಿಗೆ ಅದು ಬಿತ್ತಿದ ಬೀಜ; ಫಲವನ್ನು ಉಣ್ಣಬೇಕು, ಇಲ್ಲವೇ ಜ್ಞಾನದಿಂದಲೋ ಭಕ್ತಿಯಿಂದಲೋ ಅದನ್ನು ಸುಡಬೇಕು. ಜೈನನಿಗೆ ಕರ್ಮವೆಂಬುದು ಜೀವಕ್ಕೆ ಅಂಟಿಕೊಳ್ಳುವ ಸೂಕ್ಷ್ಮದ್ರವ್ಯ. ತಪಸ್ಸಿನಿಂದ ಅದನ್ನು ಉದುರಿಸಬೇಕು. ಅದಕ್ಕೆ ಸೃಷ್ಟಿಕರ್ತನಾದ ದೇವರ ಅಗತ್ಯವೇ ಇಲ್ಲ. ಕ್ರೈಸ್ತನಿಗೆ ಪಾಪವು ಮೊದಲು ಒಂದು ಸಂಬಂಧದ ಮುರಿವು: ಮಗನು ತಂದೆಯ ಮನೆಯನ್ನು ಬಿಟ್ಟುಹೋದ ಸ್ಥಿತಿ. ಲೂಕನ ಸುವಾರ್ತೆಯಲ್ಲಿ ಆಸ್ತಿಯನ್ನೆಲ್ಲ ಹಾಳುಮಾಡಿ ಹಿಂದಿರುಗುವ ಮಗನನ್ನು ತಂದೆ ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಳ್ಳುತ್ತಾನೆ, ಲೆಕ್ಕ ಕೇಳುವುದಿಲ್ಲ. ಮನೆಯಲ್ಲಿಯೇ ದುಡಿದ ಹಿರಿಯ ಮಗನಿಗೆ ಇದು ಅನ್ಯಾಯವೆನಿಸುತ್ತದೆ. ಕ್ರೈಸ್ತಧರ್ಮದ ಸೊಗಸೂ ತೊಡಕೂ ಆ ಒಂದೇ ಅಂಗಳದಲ್ಲಿವೆ.

‘ಕೃಪೆ’ಯ ವಿಷಯದಲ್ಲಿ ಮೇಲುಕೋಟೆಗೂ ಕ್ರೈಸ್ತರಿಗೂ ಇರುವ ಸಾಮೀಪ್ಯ ಬೆರಗುಗೊಳಿಸುವಂಥದು. ರಾಮಾನುಜರ ಪರಂಪರೆಯಲ್ಲಿ ಭಗವಂತನ ಕೃಪೆಯನ್ನು ಕುರಿತು ಎರಡು ನ್ಯಾಯಗಳುಂಟು. ಕೋತಿಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿ ಏನನ್ನೂ ಮಾಡದು, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ವಡಗಲೆಯವರು ಮೊದಲನೆಯದನ್ನು, ತೆಂಗಲೆಯವರು ಎರಡನೆಯದನ್ನು ಹಿಡಿದರು. ಮನುಷ್ಯನ ಪ್ರಯತ್ನವೆಷ್ಟು, ದೇವರ ಕೃಪೆಯೆಷ್ಟು ಎಂಬ ಇದೇ ಪ್ರಶ್ನೆಯ ಮೇಲೆ ಯುರೋಪಿನ ಕ್ರೈಸ್ತರೂ ಶತಮಾನಗಳ ಕಾಲ ವಾದಿಸಿದರು. ಹೀಗಿದ್ದರೂ ‘ಅವತಾರ’ ಎಂಬ ಪದದ ಬಳಿಗೆ ಬಂದಾಗ ದಾರಿ ಕವಲೊಡೆಯುತ್ತದೆ. ಭಗವಂತ ಯುಗಯುಗದಲ್ಲಿಯೂ ಬರುವನೆಂಬುದು ವೈಷ್ಣವನ ಧೈರ್ಯ. ಒಮ್ಮೆ ಮಾತ್ರ ಬಂದನು, ಆ ಒಮ್ಮೆಯೇ ಸಾಕು ಎಂಬುದು ಕ್ರೈಸ್ತನ ಧೈರ್ಯ.

ಇಸ್ಲಾಮಿನೊಡನೆ ಹೋಲಿಸಿದರೂ ಹೀಗೆಯೇ. ಯೇಸುವನ್ನು ಈಸಾ ಎಂಬ ಹೆಸರಿನಿಂದ ಪ್ರವಾದಿಯೆಂದು ಕುರಾನು ಗೌರವಿಸುತ್ತದೆ. ಮೇರಿಯಮ್ಮನ ಹೆಸರಿನಲ್ಲಿ ಅಲ್ಲಿ ಒಂದು ಅಧ್ಯಾಯವೇ ಇದೆ. ಆದರೆ ಅವನು ಶಿಲುಬೆಗೇರಿ ಸತ್ತನೆಂಬುದನ್ನು ಕುರಾನು ನಿರಾಕರಿಸುತ್ತದೆ. ಸತ್ತನೆಂಬುದೇ ಕ್ರೈಸ್ತನ ಆಧಾರ. ಇವೆರಡೂ ಒಂದೇ ಮಾತಿನ ಎರಡು ರೂಪಗಳೆಂದು ಹೇಳುವವರು ಮುಸಲ್ಮಾನರನ್ನೂ ಕ್ರೈಸ್ತರನ್ನೂ ಸಮಾಧಾನಪಡಿಸಲಾರರು.

ಕನ್ನಡದ ಕವಿಯೊಬ್ಬರು ಈ ವಿವೇಕವನ್ನು ಬಾಳಿ ತೋರಿಸಿದ್ದಾರೆ. ಗಡಿನಾಡಾದ ಮಂಜೇಶ್ವರದಲ್ಲಿದ್ದ ಗೋವಿಂದ ಪೈಗಳು ಯೇಸುವಿನ ಅಂತಿಮ ದಿನವನ್ನು ಕುರಿತು ‘ಗೊಲ್ಗೊಥಾ’ ಕಾವ್ಯವನ್ನೂ, ಬುದ್ಧನ ಅಂತಿಮ ದಿನವನ್ನು ಕುರಿತು ‘ವೈಶಾಖಿ’ಯನ್ನೂ ಬರೆದರು. ಸ್ವತಃ ಅವರು ಕ್ರೈಸ್ತರೂ ಅಲ್ಲ, ಬೌದ್ಧರೂ ಅಲ್ಲ. ಹಾಗಿದ್ದೂ ಯೇಸುವನ್ನು ಬುದ್ಧನನ್ನಾಗಿಯೋ ಬುದ್ಧನನ್ನು ಯೇಸುವನ್ನಾಗಿಯೋ ಕರಗಿಸದೆ, ಒಂದನ್ನು ಶಿಲುಬೆಯ ಮರಣವಾಗಿಯೂ ಇನ್ನೊಂದನ್ನು ಪರಿನಿರ್ವಾಣದ ಶಾಂತಿಯಾಗಿಯೂ ಬೇರೆಬೇರೆಯಾಗಿ ಕಂಡರು. ಪ್ರತಿಯೊಬ್ಬರ ಸಾವನ್ನೂ ಅವರವರದಾಗಿಯೇ ಉಳಿಸಿದ್ದು ಆ ಗೌರವದ ಗುರುತು.

ದೊಡ್ಡಸ್ವಾಮಿಯವರ ಅನುಭವ

ಹಾಗಾದರೆ ಭೇದವನ್ನು ಎತ್ತಿ ಹೇಳಿದರೆ ಸಾಕೆ? ಸಾಲದೆಂಬುದಕ್ಕೆ ಮಂಡ್ಯ ಜಿಲ್ಲೆಯ ಇತಿಹಾಸವೇ ಸಾಕ್ಷಿ. 1799ರಲ್ಲಿ ಟಿಪ್ಪು ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ಫ್ರಾನ್ಸಿನ ಪಾದ್ರಿ ಅಬ್ಬೆ ದುಬ್ವಾ ಬಂದರು. ಸಮೀಪದ ಗಂಜಾಂ ಅವರ ಕಾರ್ಯಕ್ಷೇತ್ರಗಳಲ್ಲಿ ಒಂದು. ದೇಶೀಯ ಉಡುಪನ್ನು ಧರಿಸಿ, ದೇಶೀಯ ಆಹಾರವನ್ನು ಉಂಡು ಬಾಳಿದ ಅವರನ್ನು ಜನ ದೊಡ್ಡಸ್ವಾಮಿಯವರೆಂದು ಕರೆದರು. ನಿರ್ಗತಿಕರನ್ನು ಬೇಸಾಯದಲ್ಲಿ ನೆಲೆಗೊಳಿಸಲು ಯತ್ನಿಸಿದರು. ಸಿಡುಬಿನ ಭಯವಿದ್ದ ಕಾಲದಲ್ಲಿ ಸಾವಿರಾರು ಮಂದಿಗೆ ದೇವಿ ಹಾಕಿಸಲು ಶ್ರಮಿಸಿದರು.

ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಯುರೋಪಿನಲ್ಲೆಲ್ಲ ಹೆಸರಾಯಿತು. ಅದರ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಪಾದ್ರಿ ಕೇರ್ದೂ ಎಂಬವರ ಹಸ್ತಪ್ರತಿ ಮೂಲವೆಂದು ವಿದ್ವಾಂಸರು ಆಮೇಲೆ ತೋರಿಸಿದ್ದಾರೆ. ಗ್ರಂಥದಲ್ಲಿ ಮಾಹಿತಿ ಅಪಾರ, ತೀರ್ಪು ಕಠೋರ. ಭೇದಗಳನ್ನು ಅವರು ಕಂಡರು. ಆದರೆ ಎದುರಿನವರು ತಮ್ಮ ಆಚಾರದ ಒಳಗಿನಿಂದ ಏನನ್ನು ಕಾಣುತ್ತಾರೆಂಬುದನ್ನು ಅಷ್ಟಾಗಿ ವಿಚಾರಿಸಲಿಲ್ಲ. 1823ರಲ್ಲಿ ದೇಶವನ್ನು ಬಿಟ್ಟು ಹೋದ ಮೇಲೆ ಪ್ರಕಟಿಸಿದ ಪತ್ರಗಳಲ್ಲಿ, ಆಗಿನ ಸ್ಥಿತಿಯಲ್ಲಿ ಹಿಂದೂಗಳು ಕ್ರೈಸ್ತರಾಗುವುದು ಸಾಧ್ಯವೇ ಇಲ್ಲವೆಂದು ನಿರಾಶೆಯಿಂದ ಬರೆದರು. ಸಾಮ್ಯವನ್ನೇ ಹೇಳುವವನು ಕೇಳಿಸಿಕೊಳ್ಳುವುದಿಲ್ಲ. ಭೇದವನ್ನೇ ಹೇಳುವವನೂ ಎಷ್ಟೋ ಸಾರಿ ಕೇಳಿಸಿಕೊಳ್ಳುವುದಿಲ್ಲ.

ಕ್ರೈಸ್ತರ ಒಳಗಿನ ಚರ್ಚೆ

ಈ ನೂರು ವರ್ಷಗಳಲ್ಲಿ ಕ್ರೈಸ್ತರು ತಮ್ಮೊಳಗೇ ಇದನ್ನು ಕುರಿತು ಬಹಳ ಚಿಂತಿಸಿದ್ದಾರೆ. ಕಲ್ಕತ್ತೆಯಲ್ಲಿದ್ದ ಫಾರ್ಕುಹಾರ್ ಎಂಬ ವಿದ್ವಾಂಸರು 1913ರ ಗ್ರಂಥವೊಂದರಲ್ಲಿ ಹಿಂದೂಧರ್ಮದ ಹಂಬಲಗಳು ಕ್ರಿಸ್ತನಲ್ಲಿ ಪೂರ್ಣವಾಗುತ್ತವೆಂದು ವಾದಿಸಿದರು. 1938ರಲ್ಲಿ ಮದರಾಸಿನ ಸಮೀಪದ ತಾಂಬರಂನಲ್ಲಿ ಸೇರಿದ ಜಾಗತಿಕ ಸಮ್ಮೇಳನಕ್ಕಾಗಿ ಹಾಲೆಂಡಿನ ಹೆಂಡ್ರಿಕ್ ಕ್ರೇಮರ್ ಬರೆದ ಗ್ರಂಥ, ದೇವರು ಕ್ರಿಸ್ತನಲ್ಲಿ ಪ್ರಕಟವಾದದ್ದು ಯಾವ ಧರ್ಮದ ಮುಂದುವರಿಕೆಯೂ ಅಲ್ಲವೆಂದು ಬಲವಾಗಿ ಹೇಳಿತು. ಬೆಂಗಳೂರಿನಲ್ಲಿ 1957ರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದು ಸ್ಥಾಪಿತವಾಯಿತು. ಅದರ ನಿರ್ದೇಶಕರಾಗಿದ್ದ ಪಾಲ್ ದೇವಾನಂದನ್, 1962ರಲ್ಲಿ ತೀರಿಕೊಳ್ಳುವವರೆಗೂ, ಇತರರೊಡನೆ ವಾದಕ್ಕಿಂತ ಸಂವಾದಕ್ಕೆ ಕುಳಿತುಕೊಳ್ಳಬೇಕೆಂದು ಶ್ರಮಿಸಿದರು.

1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಕ್ಯಾಥೊಲಿಕರಿಗೆ ಒಂದು ಹೊಸ ದಿಕ್ಕನ್ನು ತೋರಿಸಿತು. ಹಿಂದೂ, ಬೌದ್ಧ, ಇಸ್ಲಾಂ, ಯೆಹೂದ್ಯ ಧರ್ಮಗಳನ್ನು ಹೆಸರಿಸಿ, ಅವುಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. ಅದೇ ಘೋಷಣೆಯಲ್ಲಿ, ಮಾರ್ಗವೂ ಸತ್ಯವೂ ಜೀವವೂ ಆದ ಕ್ರಿಸ್ತನನ್ನು ಸಾರುವುದನ್ನು ನಿಲ್ಲಿಸುವುದಿಲ್ಲವೆಂದೂ ಹೇಳಿತು. ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿಯುವುದು ಸುಲಭವಲ್ಲ. ಕ್ರೈಸ್ತರ ಒಳಗಿನ ಏಕತೆಯೂ ಸುಲಭವಾಗಿ ಬಂದುದಲ್ಲ. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತದ ಸಭೆಯೊಳಗೆ ಕೂಡಿದವು. ಕೇರಳ ಮೂಲದ ಸಿರೋ ಮಲಬಾರ್ ಕ್ಯಾಥೊಲಿಕರಿಗೆ 2010ರಲ್ಲಿ ಮಂಡ್ಯವೇ ಒಂದು ಧರ್ಮಪ್ರಾಂತ್ಯದ ಕೇಂದ್ರವಾಯಿತು. ಒಂದೇ ಶಿಲುಬೆಯ ಕೆಳಗೆ ಪೂಜಾವಿಧಿಗಳು ಹಲವು. ತಮ್ಮ ಮನೆಯಲ್ಲಿಯೇ ಇಷ್ಟು ಭೇದವಿರುವವರು ಪರರ ಭೇದವನ್ನು ಕಂಡು ಬೀಗುವುದು ಸಲ್ಲದು.

ಬುಕ್ಕರಾಯನ ತೀರ್ಪು

ಭೇದವಿದ್ದೂ ಕೂಡಿ ಬಾಳುವುದು ಹೇಗೆಂಬುದಕ್ಕೆ ಕನ್ನಡ ನಾಡಿನ ಕಲ್ಲೊಂದು ಉತ್ತರ ಕೊಡುತ್ತದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯ ವಿಜಯನಗರದ ಬುಕ್ಕರಾಯನ ಮುಂದೆ ಹೋಯಿತು. ಶ್ರವಣಬೆಳಗೊಳದ ಶಾಸನ ಇದನ್ನು ವಿವರಿಸುತ್ತದೆ. ಅರಸನು ಕರೆಸಿದ ವೈಷ್ಣವ ಸ್ಥಾನಗಳಲ್ಲಿ ತಿರುನಾರಾಯಣಪುರ, ಅಂದರೆ ಇಂದಿನ ಮೇಲುಕೋಟೆಯೂ ಒಂದು. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಅರಸನು ನುಡಿದನು.

ಈ ನುಡಿಯನ್ನೇ ಹಿಡಿದು ‘ನೋಡಿ, ಎಲ್ಲವೂ ಒಂದೇ’ ಎನ್ನುವವರುಂಟು. ಆದರೆ ಅರಸನು ಮಾಡಿದುದೇನು? ಬಸದಿಯನ್ನು ದೇವಾಲಯವಾಗಿಸಲಿಲ್ಲ, ಜಿನನನ್ನು ನಾರಾಯಣನೆಂದು ಕರೆಯಿರೆಂದು ಯಾರಿಗೂ ವಿಧಿಸಲಿಲ್ಲ. ಜೈನರ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆಯೇ ಅವರಿಗೆ ಸಲ್ಲಬೇಕೆಂದನು. ಜೈನರಿಗೆ ಹಾನಿಯಾದರೆ ಅದನ್ನು ತಮ್ಮ ಹಾನಿಯೆಂದು ವೈಷ್ಣವರು ತಿಳಿಯಬೇಕೆಂದನು. ರಾಜ್ಯದ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಆ ಹಣದಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ತಿರುಮಲೆಯ ತಾತಯ್ಯನು ನೇಮಿಸಬೇಕು. ಮಿಕ್ಕುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಣ ಜೈನರದು, ಜವಾಬ್ದಾರಿ ವೈಷ್ಣವರದು. ಭೇದವಿಲ್ಲವೆಂಬ ಮಾತು ಬಾಯಲ್ಲಿ ನಿಲ್ಲದೆ ಕಾವಲಾಗಿ, ಸುಣ್ಣವಾಗಿ ಇಳಿದುದರಿಂದ ಆ ತೀರ್ಪಿಗೆ ಬೆಲೆ ಬಂತು. ತನ್ನದಲ್ಲದ ಗುಡಿಯ ಬಾಗಿಲನ್ನು ತಾನು ಕಾಯುವುದು—ನಾಗಮಂಗಲಕ್ಕೂ ಮದ್ದೂರಿಗೂ ಪಾಂಡವಪುರಕ್ಕೂ ಬೇಕಾಗಿದ್ದುದು ಇದೇ.

ಬಾವಿಯ ಬಳಿ

ಯೇಸುವಿನ ನಡತೆಯಲ್ಲಿಯೂ ಇದೇ ರೀತಿ ಕಾಣುತ್ತದೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಹುಕಾಲದ ವೈರ. ಪವಿತ್ರ ಪರ್ವತ ಯಾವುದೆಂಬ ವಿಷಯದಲ್ಲಿ ಜಗಳ. ಒಬ್ಬರು ಮುಟ್ಟಿದ ಪಾತ್ರೆಯನ್ನು ಇನ್ನೊಬ್ಬರು ಬಳಸರು. ಯೋಹಾನನ ಸುವಾರ್ತೆಯ ಪ್ರಕಾರ, ಒಂದು ಮಧ್ಯಾಹ್ನ ಬಿಸಿಲಲ್ಲಿ ದಣಿದ ಯೇಸು ಸಮಾರ್ಯದ ಬಾವಿಯ ಕಟ್ಟೆಯ ಮೇಲೆ ಕುಳಿತು, ಕೊಡ ಹಿಡಿದು ಬಂದ ಆ ಊರಿನ ಹೆಂಗಸಿನ ಬಳಿ ನೀರು ಕೇಳಿದನು. ಬಾವಿಯ ಸುತ್ತ ಜಾತಿಯ ಗೆರೆ ಎಳೆದುದನ್ನು ಕಂಡ ನಾಡಿನವರಿಗೆ ಆ ಬೇಡಿಕೆಯ ಭಾರವನ್ನು ವಿವರಿಸಬೇಕಾಗಿಲ್ಲ. ಹೆಂಗಸು ಪರ್ವತದ ಪ್ರಶ್ನೆಯನ್ನು ಎತ್ತಿದಳು. ‘ನಿಮ್ಮದೂ ನಮ್ಮದೂ ಒಂದೇ’ ಎಂದು ಅವನು ಜಾರಿಕೊಳ್ಳಲಿಲ್ಲ. ರಕ್ಷಣೆ ಯೆಹೂದ್ಯರ ಮೂಲಕ ಬರುವುದೆಂದು ನೇರವಾಗಿ ಹೇಳಿ, ನಿಜವಾದ ಆರಾಧನೆ ಆ ಬೆಟ್ಟಕ್ಕೂ ಈ ಬೆಟ್ಟಕ್ಕೂ ಕಟ್ಟುಬಿದ್ದದ್ದಲ್ಲವೆಂದೂ ಹೇಳಿದನು. ಅವಳು ಮುನಿದು ಹೋಗಲಿಲ್ಲ; ಊರನ್ನೇ ಕರೆತಂದಳು.

ಅದೇ ಯೇಸು, ನೆರೆಯವನಾರೆಂಬ ಪ್ರಶ್ನೆಗೆ ಉತ್ತರವಾಗಿ ಹೇಳಿದ ಕಥೆಯಲ್ಲಿ, ಕಳ್ಳರು ಬಡಿದು ಹಾದಿಯಲ್ಲಿ ಕೆಡವಿದವನನ್ನು ಎತ್ತಿ ಛತ್ರಕ್ಕೆ ಒಯ್ದವನು ತನ್ನವರಾದ ಯಾಜಕನಲ್ಲ, ಲೇವಿಯನಲ್ಲ, ಸಮಾರ್ಯದವನು. ಸಿದ್ಧಾಂತದಲ್ಲಿ ಭೇದ ಉಳಿಯಿತು. ಆದರೆ ಆದರ್ಶದ ಪೀಠದಲ್ಲಿ ಕುಳಿತವನು ಬೇರೆ ಮತದವನು. ಕ್ರೈಸ್ತನು ತನ್ನ ನಂಬಿಕೆಯನ್ನು ಬಿಟ್ಟುಕೊಡದೆ ನೆರೆಯವರ ಮುಂದೆ ತಲೆಬಾಗಲು ಅವನ ಗ್ರಂಥದಲ್ಲಿಯೇ ಇರುವ ಅಪ್ಪಣೆ ಇದು.

ಈಗ ಹೊಳೆಗಳ ಉಪಮೆಗೆ ಹಿಂದಿರುಗಬಹುದು. ಮದ್ದೂರಿನ ಶಿಂಷಾ ಮುಂದೆ ಹೋಗಿ ಕಾವೇರಿಯನ್ನು ಕೂಡುತ್ತದೆ. ಕಾವೇರಿ ಪೂರ್ವದ ಕಡಲಿಗೆ ಹೋಗುತ್ತದೆ. ಅದೇ ಕನ್ನಡ ನಾಡಿನಲ್ಲಿ ಹುಟ್ಟಿದ ಶರಾವತಿ, ನೇತ್ರಾವತಿಗಳು ಪಶ್ಚಿಮದ ಕಡಲಿಗೆ ಹರಿಯುತ್ತವೆ. ಕಡಲುಗಳೆಲ್ಲ ಕೊನೆಗೆ ಒಂದೇ ಎಂದು ವೇದಾಂತಿ ಹೇಳಬಹುದು; ಅದನ್ನು ಅಲ್ಲಗಳೆಯುವ ಆತುರ ಬೇಡ. ಆದರೆ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ, ಮಳವಳ್ಳಿಯ ಕಡೆ ಒಣಗುವ ಪೈರಿನ ಮುಂದೆ ನಿಂತ ರೈತನಿಗೆ ‘ನೀರೆಲ್ಲ ಒಂದೇ’ ಎಂದರೆ ಸಮಾಧಾನವಾಗದು. ನೀರು ಯಾವ ನಾಲೆಯಲ್ಲಿ, ಎಂದು, ತನ್ನ ಗದ್ದೆಗೆ ಬರುವುದೆಂಬುದೇ ಅವನ ಪ್ರಶ್ನೆ. ಮಗನನ್ನು ಕಳೆದುಕೊಂಡ ತಾಯಿಯ ಪ್ರಶ್ನೆ, ಮಾಡಿದ ತಪ್ಪಿಗೆ ನಿದ್ದೆಗೆಟ್ಟವನ ಪ್ರಶ್ನೆ ಕೂಡ ಇಂಥದೇ. ಪ್ರತಿಯೊಂದು ಧರ್ಮವೂ ಅದಕ್ಕೆ ಖಚಿತವಾದ ಒಂದು ಉತ್ತರವನ್ನು ಕೊಡುತ್ತದೆ. ಆ ಉತ್ತರಗಳನ್ನು ಕೇಳುವ ಮೊದಲೇ ಒಂದೆಂದು ಮುಚ್ಚಿಬಿಟ್ಟರೆ ಯಾರ ಗದ್ದೆಗೂ ನೀರು ಬಾರದು.

ಆದುದರಿಂದ ಮುಂದಿನ ಸಾರಿ ರೈಲು ಮದ್ದೂರನ್ನು ಸಮೀಪಿಸುವಾಗ ಅದೇ ಮಾತು ಬಂದರೆ, ಶಿಲುಬೆಯ ಪದಕದವರು ನಕ್ಕು ತಲೆಯಾಡಿಸಿ ಸುಮ್ಮನಾಗಬೇಕಾಗಿಲ್ಲ. “ಕೆಲವು ಒಂದೇ ಸ್ವಾಮಿ, ಕೆಲವು ಅಲ್ಲ. ನನ್ನದೇನೆಂದು ಹೇಳುತ್ತೇನೆ, ಆಮೇಲೆ ತಾವು ತಮ್ಮದನ್ನು ಹೇಳಬೇಕು” ಎನ್ನಬಹುದು. ಬೆಂಗಳೂರು ಇನ್ನೂ ದೂರವಿದೆ. ಪೊಟ್ಟಣದಲ್ಲಿ ವಡೆಯೂ ಉಳಿದಿರುತ್ತದೆ.